ಮುಚ್ಚಿದ ಫೈಲ್ ಮತ್ತೆ ತೆಗೆದವರು: ಹಿಲರಿ ಮ್ಯಾಂಟೆಲ್ ಬದುಕು, ಬರಹ

ಎಲ್ಲರಿಗೂ ನಮಸ್ಕಾರ. ಓದುಗರ ಬಳಗದಲ್ಲಿ ಇಂಗ್ಲೆಂಡಿನ ಕಾದಂಬರಿಗಾರ್ತಿ ಹಿಲರಿ ಮ್ಯಾಂಟೆಲ್ ಬಗ್ಗೆ ಮಾತಾಡಿದ್ದನ್ನ ಬರೆದು ಹಾಕಿ ಅಂತ ಅವತ್ತು ಬಂದಿದ್ದೋರೂ ಕೇಳಿದ್ರು, ಬರೋಕಾಗ್ದೇ ಇದ್ದೋರೂ ಕೇಳಿದ್ರು. ಮಾತಾಡಿದ ಧಾಟಿಯಲ್ಲೇ ಬರೆದಿದೀನಿ, ಟೈಮ್ ಸಾಲದೆ ಬಿಟ್ಟಿದ್ದ ಒಂದೆರಡು ವಿಷಯ ಸೇರಿಸಿದೀನಿ.

ಮ್ಯಾಂಟೆಲ್ ಅಂದ ತಕ್ಷಣ ಎಲ್ಲರೂ ಹೇಳೋದು ಎರಡು ಬುಕರ್ ವಿಷಯ. 2009ರಲ್ಲಿ 'ವುಲ್ಫ್ ಹಾಲ್'ಗೆ, 2012ರಲ್ಲಿ 'ಬ್ರಿಂಗ್ ಅಪ್ ದ ಬಾಡೀಸ್'ಗೆ. ಆ ಪ್ರಶಸ್ತಿಯನ್ನ ಎರಡು ಸಲ ಗೆದ್ದ ಮೊದಲ ಮಹಿಳೆ ಅವ್ರು. ಆದ್ರೆ ಮೊದಲನೇ ಬುಕರ್ ಬಂದಾಗ ಅವ್ರಿಗೆ 57 ವರ್ಷ, ಅಷ್ಟೊತ್ತಿಗೆ ಒಂಬತ್ತು ಕಾದಂಬರಿ ಬಂದಿತ್ತು, ಆತ್ಮಕಥನ ಬಂದಿತ್ತು, ಕಥಾಸಂಕಲನ ಬಂದಿತ್ತು, ಮೊದಲ ಕಾದಂಬರಿ ಬರೆಯೋಕೆ ಕೂತು 35 ವರ್ಷ ಆಗಿತ್ತು. ಆ 35 ವರ್ಷದ ಬಗ್ಗೆ ಜಾಸ್ತಿ ಮಾತಾಡ್ತೀನಿ, ಯಾಕಂದ್ರೆ ಅದು ಗೊತ್ತಿಲ್ದೆ 'ವುಲ್ಫ್ ಹಾಲ್'ನ ನಾಯಕ ಥಾಮಸ್ ಕ್ರಾಮ್‌ವೆಲ್ ಅನ್ನೋ ಪಾತ್ರ ಎಲ್ಲಿಂದ ಬಂತು ಅಂತ ಅರ್ಥ ಆಗಲ್ಲ. ನನಗೆ ಅನ್ಸೋದು ಇಷ್ಟು: ಇಪ್ಪತ್ತನೇ ವಯಸ್ಸಿನ ಆಸುಪಾಸಲ್ಲಿ ಈ ಹೆಣ್ಣುಮಗಳ ನೋವನ್ನ ಡಾಕ್ಟರುಗಳು ನಂಬ್ಲಿಲ್ಲ, 'ಇದು ಮನಸ್ಸಿನ ಖಾಯಿಲೆ' ಅಂತ ಬರೆದು ಫೈಲ್ ಕ್ಲೋಸ್ ಮಾಡಿದ್ರು. ಹಾಗೆ ಫೈಲ್ ಕ್ಲೋಸ್ ಆಗಿ ಮೂಲೆ ಸೇರಿದ ಮನುಷ್ಯರನ್ನೇ ಮುಂದೆ ಅವ್ರು ಒಬ್ಬೊಬ್ಬರನ್ನಾಗಿ ಕರೆದು ಕೂರಿಸಿ ಮಾತಾಡ್ಸಿದ್ರು.

ಹುಟ್ಟಿದ್ದು 1952ರ ಜುಲೈ 6, ಇಂಗ್ಲೆಂಡಿನ ಡರ್ಬಿಷೈರ್ ಕಡೆ ಗ್ಲಾಸಪ್ ಅನ್ನೋ ಊರಲ್ಲಿ. ಬೆಳೆದದ್ದು ಪಕ್ಕದ ಹ್ಯಾಡ್‌ಫೀಲ್ಡ್‌ನಲ್ಲಿ, ಅದು ಹತ್ತಿ ಗಿರಣಿಗಳ ಹಳ್ಳಿ, ಬೆಟ್ಟದ ಬುಡ, ಮಳೆ, ಚಳಿ. ಹುಟ್ಟಿದಾಗಿನ ಹೆಸರು ಹಿಲರಿ ಥಾಂಪ್ಸನ್. ಐರ್ಲೆಂಡ್ ಮೂಲದ ಕ್ಯಾಥೊಲಿಕ್ ಮನೆ, ಅಪ್ಪ ಗುಮಾಸ್ತ, ಅಮ್ಮ ಹುಡುಗಿಯಾಗಿದ್ದಾಗಲೇ ಗಿರಣಿ ಕೆಲಸಕ್ಕೆ ಹೋದೋರು. ಮಗುವಾಗಿದ್ದಾಗ ಹಿಲರಿಗೆ ಆರ್ಥರ್ ರಾಜನ ವೀರರ ಕಥೆ ಅಂದ್ರೆ ಪ್ರಾಣ, ನಾಲ್ಕು ವರ್ಷ ತುಂಬಿದ ಮೇಲೆ ತಾನು ಹುಡುಗ ಆಗ್ಬಿಡ್ತೀನಿ, ಕತ್ತಿ ಹಿಡೀತೀನಿ ಅಂತ ಗಟ್ಟಿಯಾಗಿ ನಂಬಿದ್ರಂತೆ. ಇದನ್ನೆಲ್ಲ 2003ರಲ್ಲಿ ಬಂದ 'ಗಿವಿಂಗ್ ಅಪ್ ದ ಗೋಸ್ಟ್' ಅನ್ನೋ ಆತ್ಮಕಥನದಲ್ಲಿ ಅವ್ರೇ ಬರ್ಕೊಂಡಿದಾರೆ.

ಆ ಪುಸ್ತಕದಲ್ಲಿ ನನ್ನನ್ನ ಹಿಡಿದು ನಿಲ್ಲಿಸಿದ ಭಾಗ ಅವ್ರ ಮನೆ ಪರಿಸ್ಥಿತಿ. ಹಿಲರಿಗೆ ಆರೇಳು ವರ್ಷ ಇದ್ದಾಗ ಜಾಕ್ ಮ್ಯಾಂಟೆಲ್ ಅನ್ನೋರು ಮನೆಗೆ ಬಂದು ಸೇರ್ಕೊಂಡ್ರು, ಅಮ್ಮನ ಜೊತೆಗೆ. ಅಪ್ಪ ಮನೆ ಬಿಟ್ಟು ಹೋಗ್ಲಿಲ್ಲ. ಅದೇ ಮನೇಲಿ ಇನ್ನೊಂದು ರೂಮಿಗೆ ಹೋದ್ರು, ಅಷ್ಟೇ. ವರ್ಷಗಟ್ಟಲೆ ಮೂರು ಜನ ದೊಡ್ಡೋರು ಒಂದೇ ಸೂರಿನಡಿ ಇದ್ರು, ಮಕ್ಕಳಿಗೆ ಯಾರೂ ಏನೂ ಬಿಡಿಸಿ ಹೇಳಲ್ಲ, 1950ರ ದಶಕದ ಕ್ಯಾಥೊಲಿಕ್ ಹಳ್ಳಿ ಬೇರೆ, ಊರಿನೋರ ಬಾಯಿ ಕೇಳ್ಬೇಕಾ. ಹನ್ನೊಂದನೇ ವಯಸ್ಸಿಗೆ ಅಮ್ಮ, ಜಾಕ್, ಮಕ್ಕಳು ಎಲ್ಲಾ ರೊಮಿಲಿ ಅನ್ನೋ ಊರಿಗೆ ಹೋದ್ರು, ಹಿಲರಿ ಜಾಕ್ ಅವ್ರ ಹೆಸರು ಇಟ್ಕೊಂಡ್ರು. ಅಪ್ಪನನ್ನ ಅದಾದ್ಮೇಲೆ ಜೀವಮಾನದಲ್ಲಿ ಮತ್ತೆ ನೋಡ್ಲೇ ಇಲ್ಲ. ಮನೇಲಿ ಏನು ನಡೀತಿದೆ ಅಂತ ಮಾತಿಂದ ಅಲ್ಲ, ಬಾಗಿಲು ಹಾಕೋ ಸದ್ದಿಂದ, ಯಾರು ಯಾರ ಮುಖ ನೋಡಲ್ಲ ಅನ್ನೋದ್ರಿಂದ ತಿಳ್ಕೋಬೇಕಾದ ಮಗು ಅದು. ಐವತ್ತು ವರ್ಷದ ನಂತರ ಅವ್ರು ಬರೆದ, ಇಂಗ್ಲೆಂಡಿನ ರಾಜ ಎಂಟನೇ ಹೆನ್ರಿಯ ಅರಮನೆ ಕಥೆ ಓದುವಾಗ, ರಾಜ ಇವತ್ತು ಯಾರ ಕಡೆ ನೋಡಿದ, ಯಾರನ್ನ ನೋಡ್ಲಿಲ್ಲ ಅಂತ ಆಸ್ಥಾನದೋರೆಲ್ಲ ಉಸಿರು ಬಿಗಿ ಹಿಡಿದು ಕಾಯೋ ಪುಟಗಳಲ್ಲಿ, ಆ ಮಗು ಅಲ್ಲೇ ನಿಂತಿದೆ ಅನ್ಸುತ್ತೆ ನನಗೆ.

ಏಳನೇ ವಯಸ್ಸಲ್ಲಿ ಹಿತ್ತಿಲಲ್ಲಿ ಏನನ್ನೋ ಕಂಡೆ ಅಂತಲೂ ಬರೀತಾರೆ. ಕಣ್ಣಿಗೆ ಸರಿಯಾಗಿ ಕಾಣದ, ಗಾಳಿ ಕದಡಿದ ಹಾಗೆ ಇದ್ದ ಏನೋ ಒಂದು, ಅದು ಒಳ್ಳೇದಲ್ಲ ಅನ್ನೋದು ಮಾತ್ರ ಮೈಗೆ ಗೊತ್ತಾಯ್ತು ಅಂತ. ದೆವ್ವನಾ, ಭ್ರಮೆನಾ, ಜ್ವರನಾ ಅಂತ ತೀರ್ಮಾನ ಮಾಡೋಕೆ ಹೋಗಲ್ಲ ಅವ್ರು. ಕಂಡಿದ್ದನ್ನ ಕಂಡ ಹಾಗೆ ಇಡ್ತಾರೆ.

ಚಿಕ್ಕಂದಿನಿಂದ್ಲೇ ಮೈಗೆ ಹುಷಾರಿರ್ತಿರ್ಲಿಲ್ಲ. ಈ ಮಗು ಯಾವತ್ತೂ ಹುಷಾರಾಗಿರಲ್ಲ ಅನ್ನೋ ಅರ್ಥದಲ್ಲಿ ಡಾಕ್ಟರ್ ಒಬ್ರು ಅಡ್ಡಹೆಸರು ಬೇರೆ ಇಟ್ಟಿದ್ರು. 1970ರಲ್ಲಿ ಕಾನೂನು ಓದೋಕೆ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್ ಸೇರಿದ್ರು, ಆಮೇಲೆ ಶೆಫೀಲ್ಡ್ ಯೂನಿವರ್ಸಿಟಿಗೆ ಬದಲಾಯಿಸ್ಕೊಂಡು 1973ರಲ್ಲಿ ಡಿಗ್ರಿ ಮುಗಿಸಿದ್ರು. ಅಷ್ಟರಲ್ಲೇ ಜಿಯಾಲಜಿ ಓದ್ತಿದ್ದ ಜೆರಾಲ್ಡ್ ಮೆಕ್‌ಯುವನ್ ಜೊತೆ ಮದುವೆ ಆಗಿತ್ತು. ಅದೇ ಟೈಮಲ್ಲಿ ನೋವು ಜೋರಾಯ್ತು. ಕಾಲು ನೋವು, ಹೊಟ್ಟೆ ನೋವು, ವಾಂತಿ. ಡಾಕ್ಟರ್ ಹತ್ರ ಹೋದ್ರೆ ಖಿನ್ನತೆ ಮಾತ್ರೆ ಕೊಟ್ರು. ಅದ್ರಿಂದ ಕಣ್ಣು ಮಂಜಾಯ್ತು ಅಂದ್ರೆ ಮನೋವೈದ್ಯರ ಹತ್ರ ಕಳಿಸಿದ್ರು. ಓದಿದ ಹುಡುಗಿ, ಮಹತ್ವಾಕಾಂಕ್ಷೆ ಜಾಸ್ತಿ, ಅದಕ್ಕೇ ಮನಸ್ಸು ಕೆಟ್ಟಿದೆ ಅನ್ನೋ ಲೆಕ್ಕಾಚಾರ. ತೀವ್ರ ಮನೋರೋಗಕ್ಕೆ ಕೊಡೋ ಮಾತ್ರೆಗಳನ್ನ ಕೊಟ್ರು, ಅದ್ರ ಅಡ್ಡಪರಿಣಾಮದಿಂದ ಒಂದು ಕಡೆ ಕೂರೋಕಾಗಲ್ಲ, ನಿಲ್ಲೋಕಾಗಲ್ಲ, ಮೈಯೊಳಗೆ ಏನೋ ಅಟ್ಟಿಸ್ಕೊಂಡು ಬಂದ ಹಾಗೆ ಚಡಪಡಿಕೆ. ಇಲ್ಲದ ಹುಚ್ಚನ್ನ ಆ ಮಾತ್ರೆಗಳೇ ತಂದಿಟ್ವು. ಒಂದು ಕಥೆ ಬರೀತಿದೀನಿ ಅಂದಿದ್ದಕ್ಕೆ, ನೀನು ಬರೆಯೋದು ಬೇಡ ಅಂದ್ರಂತೆ ಡಾಕ್ಟರ್. ಇದನ್ನ ಓದಿದಾಗ ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

1974ರಲ್ಲಿ, 22ನೇ ವಯಸ್ಸಲ್ಲಿ, ಫ್ರೆಂಚ್ ಕ್ರಾಂತಿ ಬಗ್ಗೆ ಕಾದಂಬರಿ ಶುರು ಮಾಡಿದ್ರು. ಆಗ ಮ್ಯಾಂಚೆಸ್ಟರ್‌ನಲ್ಲಿ ಒಂದು ದೊಡ್ಡ ಅಂಗಡೀಲಿ ಬಟ್ಟೆ ಮಾರೋ ಕೆಲಸ, ಅದಕ್ಕೂ ಮುಂಚೆ ವಯಸ್ಸಾದೋರ ಆಸ್ಪತ್ರೇಲಿ ಸೋಶಿಯಲ್ ವರ್ಕ್. ಕೆಲಸ ಮುಗಿಸಿ ಲೈಬ್ರರಿಯಿಂದ ತಂದ ಪುಸ್ತಕ ಓದೋದು, ನೋಟ್ಸ್ ಮಾಡೋದು. ಆ ಕ್ರಾಂತಿಯ ಮುಂದಾಳುಗಳಾದ ಡಾಂಟನ್, ರೋಬೆಸ್ಪಿಯರ್, ಕಮೀಲ್ ಡೆಮುಲನ್, ಮೂವರೂ ವಕೀಲಿಕೆ ಓದಿದ ಹುಡುಗರು, ಊರ ಕಡೆಯಿಂದ ಪ್ಯಾರಿಸ್‌ಗೆ ಬಂದೋರು, ಕೈಯಲ್ಲಿ ಕಾಸಿಲ್ಲ. ಕಾನೂನು ಓದಿ ಅಂಗಡೀಲಿ ನಿಂತಿದ್ದ ಹುಡುಗಿಗೆ ಅವ್ರು ಯಾಕೆ ಹತ್ತಿರ ಆದ್ರು ಅಂತ ಬಿಡಿಸಿ ಹೇಳ್ಬೇಕಾಗಿಲ್ಲ.

1977ರಲ್ಲಿ ಗಂಡನ ಕೆಲಸಕ್ಕೆ ಅಂತ ಆಫ್ರಿಕಾದ ಬೋಟ್ಸ್‌ವಾನಾಗೆ ಹೋದ್ರು. ಅಲ್ಲಿ ಸ್ಕೂಲಲ್ಲಿ ಪಾಠ ಮಾಡ್ತಾ ಕಾದಂಬರಿ ಮುಂದುವರಿಸಿದ್ರು, ನೋವೂ ಜೊತೇಲೇ ಬಂದಿತ್ತು. ಕೊನೆಗೆ ಒಂದು ವೈದ್ಯಕೀಯ ಪಠ್ಯಪುಸ್ತಕ ಹಿಡಿದು ತಮ್ಮ ಖಾಯಿಲೆ ಯಾವುದು ಅಂತ ತಾವೇ ಹುಡುಕಿದ್ರು. ಎಂಡೊಮೆಟ್ರಿಯೋಸಿಸ್. ಗರ್ಭಕೋಶದ ಒಳಪದರದ ಥರದ್ದೇ ಅಂಗಾಂಶ ಗರ್ಭಕೋಶದ ಹೊರಗೆ, ಹೊಟ್ಟೆಯ ಬೇರೆ ಬೇರೆ ಕಡೆ ಬೆಳೆಯುತ್ತೆ, ಪ್ರತಿ ತಿಂಗಳು ಅಲ್ಲೂ ರಕ್ತ ಒಸರುತ್ತೆ, ಹೊರಗೆ ಹೋಗೋಕೆ ದಾರಿ ಇಲ್ಲ, ಗಾಯ ಕಟ್ಕೊಳ್ಳುತ್ತೆ, ಅಂಗಗಳು ಒಂದಕ್ಕೊಂದು ಅಂಟ್ಕೊಳ್ತವೆ. ವಿಶ್ವ ಆರೋಗ್ಯ ಸಂಸ್ಥೆ ಪ್ರಕಾರ ಮಕ್ಕಳಾಗೋ ವಯಸ್ಸಿನ ಹೆಂಗಸರಲ್ಲಿ ಸುಮಾರು ನೂರಕ್ಕೆ ಹತ್ತು ಜನಕ್ಕೆ ಇದು ಇರುತ್ತೆ, ಪ್ರಪಂಚದಲ್ಲಿ ಸುಮಾರು 19 ಕೋಟಿ ಜನ. ಆದ್ರೂ ಮುಟ್ಟಿನ ನೋವು ಎಲ್ಲರಿಗೂ ಇರೋದೇ, ಸಹಿಸ್ಕೋ ಅಂತ ಹೇಳಿ ಕಳಿಸೋದು ಇವತ್ತಿಗೂ ನಿಂತಿಲ್ಲ. ಸಭೇಲಿ ಈ ಭಾಗ ಹೇಳುವಾಗ ತಲೆ ಆಡಿಸಿದ ಹೆಂಗಸರನ್ನ ನಾನು ನೋಡಿದೆ.

1979ರಲ್ಲಿ ಲಂಡನ್‌ನಲ್ಲಿ ಆಪರೇಷನ್ ಆಯ್ತು. ಗರ್ಭಕೋಶ, ಅಂಡಾಶಯ ಎಲ್ಲಾ ತೆಗೆದ್ರು. ವಯಸ್ಸು 27. ಇನ್ನು ಮಕ್ಕಳಾಗಲ್ಲ. ಅಷ್ಟಾದ್ರೂ ಖಾಯಿಲೆ ಪೂರ್ತಿ ಹೋಗ್ಲಿಲ್ಲ, ಮತ್ತೆ ಬಂತು, ಅದಕ್ಕೆ ಕೊಟ್ಟ ಔಷಧಿಗಳಿಂದ ಕಡ್ಡಿ ಥರ ಇದ್ದ ಹುಡುಗಿ ಊದ್ಕೊಂಡ್ರು, ಕನ್ನಡಿಯಲ್ಲಿ ಕಾಣೋದು ಬೇರೆ ಯಾರೋ. ಅದೇ ಸುಮಾರಿಗೆ ಫ್ರೆಂಚ್ ಕ್ರಾಂತಿಯ ಕಾದಂಬರಿ ಮುಗಿದಿತ್ತು, ಯಾರೂ ತಗೊಳ್ಲಿಲ್ಲ. ಐದು ವರ್ಷದ ಕೆಲಸ, ದಪ್ಪ ಕಟ್ಟು, ವಾಪಸ್ ಬಂತು. ಮದುವೆಯೂ ಮುರೀತು, ಆಮೇಲೆ ಅದೇ ಜೆರಾಲ್ಡ್ ಅವ್ರನ್ನೇ ಮತ್ತೆ ಮದುವೆ ಆದ್ರು, ಈ ಸಲ ಕೊನೇವರೆಗೂ ಜೊತೆಗಿದ್ರು, ಮುಂದೆ ಅವ್ರ ಬರವಣಿಗೆಯ ವ್ಯವಹಾರವನ್ನೆಲ್ಲ ನೋಡ್ಕೊಂಡೋರು ಜೆರಾಲ್ಡ್ ಅವ್ರೇ.

ಇಷ್ಟಾದ್ಮೇಲೆ ಅವ್ರು ತಗೊಂಡ ನಿರ್ಧಾರ ನನಗೆ ಬಹಳ ಇಷ್ಟ. ಈ ದಪ್ಪ ಐತಿಹಾಸಿಕ ಕಾದಂಬರಿ ಯಾರೂ ಹಾಕಲ್ಲ ಅಲ್ವಾ, ಸರಿ, ಹಾಕೋ ಥರದ್ದೇ ಬರೀತೀನಿ ಅಂತ ಕೂತು, ಚಿಕ್ಕದಾದ, ಇವತ್ತಿನ ಕಾಲದ, ಮೈ ಜುಮ್ಮೆನ್ನಿಸೋ ಕಾದಂಬರಿ ಬರೆದ್ರು. 'ಎವ್ರಿ ಡೇ ಈಸ್ ಮದರ್ಸ್ ಡೇ', 1985ರಲ್ಲಿ ಬಂತು. ಒಬ್ಬ ತಾಯಿ, ಒಬ್ಬ ಮಗಳು, ಬಾಗಿಲು ಹಾಕಿದ ಮನೆ, ಬಂದು ಹೋಗೋ ಸಮಾಜ ಕಲ್ಯಾಣ ಇಲಾಖೆಯೋರು, ಅವ್ರ ಕೈಯಲ್ಲಿರೋ ಫೈಲು. ಒಳಗೆ ನಿಜವಾಗ್ಲೂ ಏನು ನಡೀತಿದೆ ಅನ್ನೋದು ಆ ಫೈಲಲ್ಲಿ ಒಂದು ಸಾಲೂ ಇಲ್ಲ. ಮುಂದಿನ ವರ್ಷವೇ ಅದ್ರ ಮುಂದುವರಿಕೆ 'ವೇಕೆಂಟ್ ಪೊಸೆಷನ್' ಬಂತು.

1983ರಿಂದ 1986ರವರೆಗೆ ಸೌದಿ ಅರೇಬಿಯಾದ ಜೆಡ್ಡಾದಲ್ಲಿದ್ರು, ಅದೂ ಗಂಡನ ಕೆಲಸಕ್ಕೇ. ಅಲ್ಲಿಂದ ಹೊರಟ ದಿನದಷ್ಟು ಖುಷಿ ಜೀವನದಲ್ಲೇ ಆಗಿರ್ಲಿಲ್ಲ ಅಂತ ಹೇಳ್ಕೊಂಡಿದಾರೆ. ಆ ಅನುಭವದ ಪ್ರಬಂಧಕ್ಕೆ 1987ರಲ್ಲಿ ಮೊದಲ ಶಿವ ನೈಪಾಲ್ ಸ್ಮಾರಕ ಬಹುಮಾನ ಬಂತು, 'ಸ್ಪೆಕ್ಟೇಟರ್' ಪತ್ರಿಕೆ ಕೊಡೋದು, ಅದೇ ಪತ್ರಿಕೇಲಿ ಆಮೇಲೆ ಕೆಲವು ವರ್ಷ ಸಿನಿಮಾ ವಿಮರ್ಶೆ ಬರೆದ್ರು. ಜೆಡ್ಡಾದಿಂದ ಹುಟ್ಟಿದ ಕಾದಂಬರಿ 'ಏಟ್ ಮಂತ್ಸ್ ಆನ್ ಗಝಾ ಸ್ಟ್ರೀಟ್', 1988. ಗಲ್ಫ್‌ನಲ್ಲಿ ಇದ್ದು ಬಂದಿರೋ ನಮ್ಮೋರು ಎಷ್ಟೊಂದು ಜನ ಇದಾರೆ, ಅವ್ರು ಇದನ್ನ ಓದ್ಬೇಕು. ಇದ್ರಲ್ಲಿ ಫ್ರಾನ್ಸಿಸ್ ಅನ್ನೋ ಹೆಂಗಸು ವೃತ್ತಿಯಲ್ಲಿ ನಕ್ಷೆ ಬರೆಯೋಳು. ಗಂಡ ಇಂಜಿನಿಯರ್, ಬೆಳಿಗ್ಗೆ ಕೆಲಸಕ್ಕೆ ಹೋಗ್ತಾನೆ. ಇವಳಿಗೆ ಕೆಲಸ ಮಾಡೋ ಹಾಗಿಲ್ಲ, ಒಬ್ಬಳೇ ತಿರುಗೋ ಹಾಗಿಲ್ಲ, ಕಿಟಕಿಯಿಂದ ಕಾಣೋದು ಗೋಡೆ. ಮೇಲಿನ ಫ್ಲ್ಯಾಟ್ ಖಾಲಿ ಇದೆ ಅಂತಾರೆ ಎಲ್ಲರೂ, ಇವಳಿಗೆ ಅಲ್ಲಿಂದ ಹೆಜ್ಜೆ ಸಪ್ಪಳ ಕೇಳುತ್ತೆ. ಕೇಳಿಸ್ತು ಅಂದ್ರೆ ಯಾರೂ ನಂಬಲ್ಲ. ಸಪ್ಪಳ ಇಲ್ಲಿ ಫ್ಲ್ಯಾಟಿನದ್ದು, ಶೆಫೀಲ್ಡ್‌ನಲ್ಲಿ ಹೊಟ್ಟೆಯೊಳಗಿನ ನೋವು. ಕೇಳಿದೋರ ಉತ್ತರ ಎರಡು ಕಡೆನೂ ಒಂದೇ.

'ಫ್ಲಡ್' 1989ರಲ್ಲಿ ಬಂತು, ಅದು ಹ್ಯಾಡ್‌ಫೀಲ್ಡ್ ಥರದ ಗಿರಣಿ ಹಳ್ಳಿಯ ಚರ್ಚಿಗೆ ಬರೋ ನಿಗೂಢ ಪಾದ್ರಿಯ ಕಥೆ. 'ಎ ಚೇಂಜ್ ಆಫ್ ಕ್ಲೈಮೇಟ್', 'ಆ್ಯನ್ ಎಕ್ಸ್‌ಪೆರಿಮೆಂಟ್ ಇನ್ ಲವ್' 1994, 1995ರಲ್ಲಿ. ಇವು ಚೆನ್ನಾಗೇ ಇವೆ, ಆದ್ರೆ ಇಲ್ಲಿ ನಿಲ್ಲಲ್ಲ ನಾನು.

ಆ ಫ್ರೆಂಚ್ ಕ್ರಾಂತಿಯ ಕಟ್ಟು ಏನಾಯ್ತು? ಹನ್ನೆರಡು ವರ್ಷ ಹಾಗೇ ಬಿದ್ದಿತ್ತು. ಲೇಖಕರ ಅಚ್ಚಾಗದ ಮೊದಲ ಕಾದಂಬರಿಗಳ ಬಗ್ಗೆ ಒಂದು ಪತ್ರಿಕಾ ಲೇಖನಕ್ಕೆ ಅಂತ ಯಾರೋ ವಿಚಾರಿಸಿದಾಗ ನನ್ನ ಹತ್ರ ಅಂಥದ್ದೊಂದು ಇದೆ ಅಂದ್ರು, ಆ ಮಾತು ಪ್ರಕಾಶಕರ ಕಿವಿಗೆ ಬಿತ್ತು, ಹೊರಗೆ ತೆಗೆದು ತಿದ್ದಿ 1992ರಲ್ಲಿ 'ಎ ಪ್ಲೇಸ್ ಆಫ್ ಗ್ರೇಟರ್ ಸೇಫ್ಟಿ' ಅಂತ ಹೊರಗೆ ಬಂತು. ಏಳೆಂಟುನೂರು ಪುಟ. ಆ ವರ್ಷದ 'ಸಂಡೇ ಎಕ್ಸ್‌ಪ್ರೆಸ್' ಪುಸ್ತಕ ಬಹುಮಾನವೂ ಬಂತು. ಇತಿಹಾಸದಲ್ಲಿ ರಕ್ತಪಿಪಾಸು ಅನ್ನಿಸ್ಕೊಂಡ ರೋಬೆಸ್ಪಿಯರ್ ಇಲ್ಲಿ ಶಾಲೇಲಿ ಬಡ ಹುಡುಗ, ಮಾತಾಡೋಕೆ ಹಿಂಜರಿಯೋನು, ಗೆಳೆಯ ಕಮೀಲ್ ಅಂದ್ರೆ ಪ್ರಾಣ. ಅದೇ ಕಮೀಲ್‌ನ ಮರಣದಂಡನೆಗೆ ಒಪ್ಪಿಗೆ ಕೊಡೋ ಹೊತ್ತು ಬರುತ್ತೆ. 1794ರ ಏಪ್ರಿಲ್ 5ಕ್ಕೆ ಡಾಂಟನ್ ಮತ್ತು ಕಮೀಲ್ ತಲೆ ಕತ್ತರಿಸೋ ಯಂತ್ರಕ್ಕೆ, ಗಿಲೊಟಿನ್‌ಗೆ ಹೋದ್ರು, ಜುಲೈ 28ಕ್ಕೆ ರೋಬೆಸ್ಪಿಯರ್. ಈ ಜುಲೈ 28 ನೆನಪಿಟ್ಕೊಳ್ಳಿ.

ಇನ್ನೊಂದು ಕಾದಂಬರಿ ಹೇಳ್ಲೇಬೇಕು, 1998ರ 'ದ ಜೈಂಟ್, ಓ'ಬ್ರಯನ್'. ಚಾರ್ಲ್ಸ್ ಬರ್ನ್ ಅಂತ ಐರ್ಲೆಂಡಿನ ಬಡ ಯುವಕ, ಏಳೂವರೆ ಅಡಿ ಎತ್ತರ, ಲಂಡನ್‌ನಲ್ಲಿ ಜನ ದುಡ್ಡು ಕೊಟ್ಟು ನೋಡೋಕೆ ಬರ್ತಿದ್ರು. 1783ರಲ್ಲಿ 22ನೇ ವಯಸ್ಸಿಗೇ ತೀರ್ಕೊಂಡ. ತನ್ನ ದೇಹ ಡಾಕ್ಟರ್‌ಗಳ ಕೈಗೆ ಸಿಗಬಾರ್ದು, ಸಮುದ್ರದಲ್ಲಿ ಮುಳುಗಿಸಿ ಅಂತ ಗೆಳೆಯರ ಹತ್ರ ಬೇಡ್ಕೊಂಡಿದ್ದ. ಆದ್ರೂ ಜಾನ್ ಹಂಟರ್ ಅನ್ನೋ ಹೆಸರಾಂತ ಸರ್ಜನ್ ದುಡ್ಡು ಕೊಟ್ಟು ಹೆಣ ತರಿಸ್ಕೊಂಡ, ಮೂಳೆಗಳನ್ನ ಜೋಡಿಸಿ ನಿಲ್ಲಿಸಿದ. ಇನ್ನೂರಕ್ಕೂ ಜಾಸ್ತಿ ವರ್ಷ ಆ ಅಸ್ಥಿಪಂಜರ ಲಂಡನ್‌ನ ಹಂಟೇರಿಯನ್ ಮ್ಯೂಸಿಯಂನಲ್ಲಿ ಪ್ರದರ್ಶನಕ್ಕಿತ್ತು. ಕಾದಂಬರಿಯಲ್ಲಿ ಜೈಂಟ್ ಕಥೆ ಹೇಳೋನು, ಬಾಯ್ತುಂಬ ಕಥೆ. ಹಂಟರ್ ಕತ್ತರಿಸಿ ನೋಡೋನು. 2020ರಲ್ಲಿ ಮ್ಯಾಂಟೆಲ್ ಅವ್ರು ಬಹಿರಂಗವಾಗಿ ಕೇಳಿದ್ರು, ಇನ್ನಾದ್ರೂ ಆ ಮೂಳೆಗಳನ್ನ ಐರ್ಲೆಂಡಿಗೆ ಕಳಿಸಿ ಮಣ್ಣು ಮಾಡಿ ಅಂತ. 2023ರಲ್ಲಿ ಮ್ಯೂಸಿಯಂ ನವೀಕರಣ ಆಗಿ ಮತ್ತೆ ಬಾಗಿಲು ತೆಗೆದಾಗ ಅಸ್ಥಿಪಂಜರವನ್ನ ಪ್ರದರ್ಶನಕ್ಕೆ ಇಡ್ಲಿಲ್ಲ, ಆದ್ರೆ ಸಂಗ್ರಹದಲ್ಲಿ ಉಳಿಸ್ಕೊಂಡ್ರು. ಆ ಹೊತ್ತಿಗೆ ಮ್ಯಾಂಟೆಲ್ ತೀರ್ಕೊಂಡು ಸುಮಾರು ಎಂಟು ತಿಂಗಳಾಗಿತ್ತು. ನನ್ನ ಮೈ ನನ್ನದಾಗಿರ್ಬೇಕು, ಡಾಕ್ಟರ್‌ಗಲ್ಲ ಅನ್ನೋದು ಅವ್ರಿಗೆ ಎಷ್ಟು ಆಳದ ವಿಷಯ ಅಂತ ನೋಡಿ.

2005ರ 'ಬಿಯಾಂಡ್ ಬ್ಲ್ಯಾಕ್' ನನ್ನ ಮೆಚ್ಚಿನದು. ಆಲಿಸನ್ ಅಂತ ತುಂಬಾ ದಪ್ಪ ಹೆಂಗಸು, ಸತ್ತೋರ ಜೊತೆ ಮಾತಾಡೋ ಕಸುಬು, ಲಂಡನ್ ಸುತ್ತಲಿನ ರಿಂಗ್ ರೋಡಲ್ಲಿ ಊರೂರು ಸುತ್ತಿ ಶೋ ಕೊಡ್ತಾಳೆ. ಮೊಮ್ಮಗಳು ಅಡುಗೆಮನೆಗೆ ಹೊಸ ಕಪಾಟು ಹಾಕ್ಸಿದಾಳೆ ಅಂತ ಸತ್ತ ಅಜ್ಜಿ ಹೇಳ್ತಿದಾರೆ ಅನ್ನೋ ಥರದ ಸಣ್ಣಪುಟ್ಟ ಸಮಾಧಾನ ಹಂಚ್ತಾಳೆ. ಆದ್ರೆ ಅವಳಿಗೆ ನಿಜವಾಗ್ಲೂ ಕಾಣೋ ಸತ್ತೋರು ಅವಳ ಬಾಲ್ಯದಲ್ಲಿ ಅವಳಿಗೆ ಹಿಂಸೆ ಕೊಟ್ಟ ಗಂಡಸರು, ಅವ್ರು ಬೆನ್ನು ಬಿಡಲ್ಲ. ಜನರಿಗೆ ಅವಳ ಗಾತ್ರ ಕಾಣುತ್ತೆ, ಅಷ್ಟೇ.

ಈಗ ಕ್ರಾಮ್‌ವೆಲ್. ಪುಟ್ನಿಯಲ್ಲಿ ಕಮ್ಮಾರಿಕೆ ಮಾಡೋನ ಮಗ, ಯಾವ ಮನೆತನವೂ ಇಲ್ಲ, ಎಂಟನೇ ಹೆನ್ರಿಯ ಬಲಗೈ ಆಗಿ ಬೆಳೆದ. ರಾಜನ ಮೊದಲ ಮದುವೆ ಬಿಡಿಸಿ ಆ್ಯನ್ ಬೊಲಿನ್ ಜೊತೆ ಮದುವೆಗೆ ದಾರಿ ಮಾಡಿದ, ಇಂಗ್ಲೆಂಡನ್ನ ಪೋಪ್ ಕೈಯಿಂದ ಬಿಡಿಸಿದ, ಮಠಗಳನ್ನ ಮುಚ್ಚಿಸಿದ, ಅದೇ ಆ್ಯನ್ ಬೊಲಿನ್ ತಲೆ ಹೋಗೋದಕ್ಕೂ ದಾರಿ ಮಾಡಿದ. ನಾಲ್ಕುನೂರು ವರ್ಷಕ್ಕೂ ಜಾಸ್ತಿ ಅವನು ಖಳನಾಯಕ. ಥಾಮಸ್ ಮೋರ್ ಅನ್ನೋ ವಿದ್ವಾಂಸ ರಾಜನ ಹೊಸ ಕಾನೂನಿಗೆ ತಲೆಬಾಗದೆ ಪ್ರಾಣ ಕೊಟ್ಟ, 1935ರಲ್ಲಿ ಚರ್ಚ್ ಅವನನ್ನ ಸಂತ ಅಂತ ಘೋಷಿಸ್ತು, 1960ರಲ್ಲಿ ರಾಬರ್ಟ್ ಬೋಲ್ಟ್ ಬರೆದ ನಾಟಕ, 1966ರಲ್ಲಿ ಅದ್ರ ಸಿನಿಮಾ ಬಂದ್ಮೇಲೆ ಮೋರ್ ಅಂದ್ರೆ ಆತ್ಮಸಾಕ್ಷಿ, ಕ್ರಾಮ್‌ವೆಲ್ ಅಂದ್ರೆ ಕುತಂತ್ರಿ ಅಂತ ಪಕ್ಕಾ ಆಗೋಯ್ತು. ನ್ಯೂಯಾರ್ಕಿನ ಫ್ರಿಕ್ ಕಲಾಸಂಗ್ರಹದಲ್ಲಿ ಆ ಕಾಲದ ಚಿತ್ರಕಾರ ಹಾಲ್ಬೈನ್ ಬರೆದ ಇಬ್ಬರ ಚಿತ್ರವೂ ಅಗ್ಗಿಷ್ಟಿಕೆಯ ಆ ಕಡೆ ಈ ಕಡೆ ಎದುರುಬದುರಾಗಿ ಇವೆ. ಮೋರ್ ಮುಖದಲ್ಲಿ ತೇಜಸ್ಸು, ಕ್ರಾಮ್‌ವೆಲ್ ಮುಖ ಸಿಡುಕು, ಕೈಯಲ್ಲಿ ಮುದುರಿದ ಕಾಗದ.

ಮ್ಯಾಂಟೆಲ್ ಈ ಸಿಡುಕು ಮುಖದ ಮನುಷ್ಯನ ಕಣ್ಣಿನ ಹಿಂದೆ ಹೋಗಿ ಕೂತ್ರು. 'ವುಲ್ಫ್ ಹಾಲ್' ಶುರುವಾಗೋದು 1500ರಲ್ಲಿ, ಅಂಗಳದ ಕಲ್ಲುಹಾಸಿನ ಮೇಲೆ ರಕ್ತ ಸುರಿಸ್ಕೊಂಡು ಬಿದ್ದಿರೋ ಹುಡುಗ, ಮೇಲೆ ಅವನಪ್ಪ ವಾಲ್ಟರ್ ನಿಂತು ಏಳು, ಮೇಲೇಳು ಅಂತ ಗದರ್ತಿದಾನೆ. ಹುಡುಗನಿಗೆ ಕಾಣೋದು ಅಪ್ಪನ ಬೂಟು, ಬೂಟಿನ ಹೊಲಿಗೆ ಬಿಚ್ಚಿದೆ, ದಾರ ಗಂಟು ಬಿದ್ದಿದೆ, ಆ ಗಂಟು ಹುಬ್ಬಿಗೆ ಸಿಕ್ಕಿ ಚರ್ಮ ಕಿತ್ತಿದೆ. ರಾಜ ಇಲ್ಲ, ಅರಮನೆ ಇಲ್ಲ. ಒದೆ ತಿಂದ ಹುಡುಗ, ಒಂದು ಬೂಟು. ಅಲ್ಲಿಂದ ಮೂರು ಸಂಪುಟ ಪೂರ್ತಿ ನಾವು ಅವನ ಕಣ್ಣಲ್ಲೇ ನೋಡ್ತೀವಿ, ಎಲ್ಲಾ ವರ್ತಮಾನ ಕಾಲದಲ್ಲಿ, ಈಗ ನಡೀತಿರೋ ಹಾಗೆ. ಬರೀ 'ಅವನು' ಅಂತ ಬಂದ್ರೆ ಕ್ರಾಮ್‌ವೆಲ್ ಅಂತಲೇ ಇಟ್ಕೋಬೇಕು, ಮೊದಲ ಐವತ್ತು ಪುಟ ತುಂಬಾ ಜನ ಇಲ್ಲೇ ಎಡವ್ತಾರೆ, ಅಭ್ಯಾಸ ಆದ್ಮೇಲೆ ಬೇರೆ ದಾರಿಯೇ ಇಲ್ಲ ಅನ್ಸುತ್ತೆ.

ಹೇಗೆ ಕೆಲಸ ಮಾಡ್ತಿದ್ರು ಅನ್ನೋದು ಬರೆಯೋ ಆಸೆ ಇರೋರಿಗೆ ಮುಖ್ಯ. ಪ್ರತಿ ಪಾತ್ರಕ್ಕೂ ಕಾರ್ಡು ಮಾಡಿಟ್ಟಿದ್ರು, ಅಕ್ಷರಾನುಕ್ರಮದಲ್ಲಿ ಜೋಡಿಸಿ, ಯಾವ ತಾರೀಖು ಯಾರು ಎಲ್ಲಿದ್ರು ಅಂತ. ಡ್ಯೂಕ್ ಆಫ್ ಸಫೋಕ್ ಅನ್ನೋ ಸರದಾರನನ್ನ ಲಂಡನ್‌ನ ಒಂದು ದೃಶ್ಯಕ್ಕೆ ತರ್ಬೇಕು ಅಂದ್ರೆ ಮೊದಲು ಕಾರ್ಡ್ ನೋಡ್ಬೇಕು, ಆ ದಿನ ಅವನು ಬೇರೆ ಕಡೆ ಇದ್ದ ಅಂತ ದಾಖಲೆ ಇದ್ರೆ ಅವನನ್ನ ತರೋ ಹಾಗಿಲ್ಲ. ಗೊತ್ತಿರೋ ಸತ್ಯವನ್ನ ಕಥೆಗೋಸ್ಕರ ತಿರುಚಲ್ಲ, ದಾಖಲೆ ಸುಮ್ಮನಾದ ಕಡೆ ಮಾತ್ರ ಕಲ್ಪನೆ, ಇದು ಅವ್ರು ಹಾಕ್ಕೊಂಡ ಕಟ್ಟುಪಾಡು. ಅದಕ್ಕಿಂತ ಕಷ್ಟದ್ದು ಇನ್ನೊಂದಿದೆ. ನಮಗೆಲ್ಲ ಗೊತ್ತು ಆ್ಯನ್ ಬೊಲಿನ್ ತಲೆ ಹೋಗುತ್ತೆ ಅಂತ, ಆದ್ರೆ 1533ರಲ್ಲಿ ಕಿರೀಟ ಹಾಕ್ಕೊಳ್ತಿರೋ ಆ್ಯನ್‌ಗೆ ಗೊತ್ತಿಲ್ಲ, ಅವಳಿಗೆ ಮುಂದೆ ಗಂಡು ಮಗು ಹುಟ್ಟಬಹುದು, ಎಲ್ಲಾ ಸರಿ ಹೋಗಬಹುದು. ಮ್ಯಾಂಟೆಲ್ ನಮ್ಮ ಕೈಯಿಂದ ಆ ತಿಳಿವಳಿಕೆ ಕಿತ್ಕೊಂಡು ನಮ್ಮನ್ನೂ ಗೊತ್ತಿಲ್ದೋರ ಸಾಲಲ್ಲಿ ನಿಲ್ಲಿಸ್ತಾರೆ. 2017ರಲ್ಲಿ ಬಿಬಿಸಿಗೆ ಐದು ರೀತ್ ಉಪನ್ಯಾಸ ಕೊಟ್ಟಾಗ ಇದನ್ನೇ ಹೇಳಿದ್ರು: ನಡೆದದ್ದು ಬೇರೆ, ಇತಿಹಾಸ ಬೇರೆ, ಶತಮಾನಗಳು ಹರಿದು ಹೋದ್ಮೇಲೆ ಜರಡಿಯಲ್ಲಿ ಉಳಿದಿದ್ದೇ ಇತಿಹಾಸ ಅನ್ನೋ ಅರ್ಥದಲ್ಲಿ.

ಮೊದಲು ಒಂದೇ ಪುಸ್ತಕ ಅಂದ್ಕೊಂಡಿದ್ರಂತೆ. ಥಾಮಸ್ ಮೋರ್ ಸಾವಿಗೆ ಬರೋ ಹೊತ್ತಿಗೇ 650 ಪುಟ ಆಗಿತ್ತು, ಅಲ್ಲಿಗೆ ನಿಲ್ಲಿಸಿದ್ರು. ಎರಡನೇದು ಬರೀ ಒಂಬತ್ತು ತಿಂಗಳಿನ ಕಥೆ, 1536ರ ಮೇ 19ಕ್ಕೆ ಆ್ಯನ್ ಬೊಲಿನ್ ಕುತ್ತಿಗೆ ಮೇಲೆ ಕತ್ತಿ ಬೀಳೋವರೆಗೆ. ಮೂರರಲ್ಲಿ ಬಿಗಿಯಾದದ್ದು ಅದೇ. ಅದ್ರಲ್ಲಿ ಕ್ರಾಮ್‌ವೆಲ್ ಐದು ಜನ ಗಂಡಸರನ್ನ ರಾಣಿಯ ಜೊತೆ ತಳುಕು ಹಾಕಿ ಸಾಯಿಸ್ತಾನೆ, ನಾವು ಅವನ ಕಣ್ಣಲ್ಲೇ ನೋಡ್ತಿರೋದ್ರಿಂದ ಅವನ ಲೆಕ್ಕಾಚಾರಕ್ಕೆ ತಲೆ ಆಡಿಸ್ತಾ ಹೋಗ್ತೀವಿ, ಅರ್ಧ ದಾರಿಯಲ್ಲಿ ಗೊತ್ತಾಗುತ್ತೆ ನಾವೂ ಅವನ ಜೊತೆ ಸೇರಿದೀವಿ ಅಂತ. ಮುಚ್ಚಿದ ಫೈಲ್ ತೆಗೆದೋರು ಅವನಿಗೆ ಒಳ್ಳೆಯವನು ಅಂತ ಸರ್ಟಿಫಿಕೇಟ್ ಕೊಟ್ಟು ವಾಪಸ್ ಮುಚ್ಲಿಲ್ಲ. ಅವನ ಕೈಯಲ್ಲಿರೋ ರಕ್ತವನ್ನೂ ತೋರಿಸಿದ್ರು. ಇದನ್ನ ಗಮನಿಸ್ದೇ ಕೆಲವು ಇತಿಹಾಸಕಾರರು, ಕ್ಯಾಥೊಲಿಕ್ ಬಿಷಪ್‌ಗಳು ಮ್ಯಾಂಟೆಲ್ ಅವ್ರು ಕ್ರಾಮ್‌ವೆಲ್‌ನ ತೊಳೆದು ಬೆಳ್ಳಗೆ ಮಾಡಿದ್ರು, ಮೋರ್‌ಗೆ ಅನ್ಯಾಯ ಮಾಡಿದ್ರು ಅಂತ ದೂರಿದ್ರು. ಮೋರ್ ವಿಷಯದಲ್ಲಿ ಅವ್ರು ಸ್ವಲ್ಪ ಕಟುವಾಗೇ ಇದ್ರು ಅನ್ನೋದನ್ನ ನಾನೂ ಒಪ್ತೀನಿ. ಕ್ರಾಮ್‌ವೆಲ್ ವಿಷಯದಲ್ಲಿ ಒಪ್ಪಲ್ಲ.

ಈ ಯಶಸ್ಸಿನ ನಡುವೆಯೂ ಮೈ ಕೈಕೊಡ್ತಾನೇ ಇತ್ತು. 2010ರಲ್ಲಿ ಒಂದು ಆಪರೇಷನ್ ಕೆಟ್ಟು ವಾರಗಟ್ಟಲೆ ಆಸ್ಪತ್ರೇಲಿ ಮಲಗಿದ್ರು, ಕಣ್ಣ ಮುಂದೆ ಇಲ್ಲದ್ದೆಲ್ಲ ಕಾಣ್ತಿತ್ತು, ಅದನ್ನೂ ಡೈರಿಯಲ್ಲಿ ಬರ್ಕೊಂಡು 'ಲಂಡನ್ ರಿವ್ಯೂ ಆಫ್ ಬುಕ್ಸ್'ಗೆ ಪ್ರಬಂಧ ಮಾಡಿದ್ರು. 2013ರ ಫೆಬ್ರವರಿಯಲ್ಲಿ ಅದೇ ಪತ್ರಿಕೆಯ ಉಪನ್ಯಾಸ ಬ್ರಿಟಿಷ್ ಮ್ಯೂಸಿಯಂನಲ್ಲಿ ಕೊಟ್ರು. ಮರೀ ಆಂತ್ವಾನೆತ್, ಆ್ಯನ್ ಬೊಲಿನ್, ಡಯಾನಾ, ಕೇಟ್ ಮಿಡಲ್‌ಟನ್ ಥರದ ರಾಜಮನೆತನದ ಹೆಂಗಸರನ್ನೆಲ್ಲ ಜನ ಹೇಗೆ ಬರೀ ಬಟ್ಟೆ ಹಾಕೋ ಗೊಂಬೆಯಾಗಿ, ವಾರಸುದಾರನನ್ನ ಹೆರೋ ಮೈಯಾಗಿ ನೋಡ್ತಾರೆ ಅನ್ನೋ ಮಾತು. ಪತ್ರಿಕೆಗಳು ಅದ್ರಲ್ಲಿ ಎರಡು ಮೂರು ಸಾಲು ಕಿತ್ತು, ಮ್ಯಾಂಟೆಲ್ ಕೇಟ್‌ನ ಬೈದ್ರು ಅಂತ ಹಾಕಿದ್ವು. ಆಗ ಭಾರತ ಪ್ರವಾಸದಲ್ಲಿದ್ದ ಬ್ರಿಟನ್ ಪ್ರಧಾನಿ ಡೇವಿಡ್ ಕ್ಯಾಮರೂನ್ ಇಲ್ಲಿಂದಲೇ ಖಂಡಿಸಿ ಹೇಳಿಕೆ ಕೊಟ್ರು. ಕೇಟ್‌ನ ಹಾಗೆ ನೋಡ್ಬೇಡಿ, ಅವಳೂ ಮನುಷ್ಯಳು ಅನ್ನೋ ಉಪನ್ಯಾಸ ಅದು! ಪೂರ್ತಿ ಓದಿದ ಯಾರಿಗಾದ್ರೂ ಗೊತ್ತಾಗುತ್ತೆ. ಮ್ಯಾಂಟೆಲ್ ಕ್ಷಮೆ ಕೇಳ್ಲಿಲ್ಲ, ಕೇಳ್ಬೇಕಾಗೂ ಇರ್ಲಿಲ್ಲ.

ಮೂರನೇ ಸಂಪುಟ 'ದ ಮಿರರ್ ಆ್ಯಂಡ್ ದ ಲೈಟ್' 2020ರ ಮಾರ್ಚಲ್ಲಿ ಬಂತು, ಎರಡನೇದಾದ ಎಂಟು ವರ್ಷಕ್ಕೆ. 1540ರ ಜುಲೈ 28ಕ್ಕೆ ಕ್ರಾಮ್‌ವೆಲ್ ತಲೆ ಹೋಗುತ್ತೆ, ಅವತ್ತೇ ಹೆನ್ರಿ ಐದನೇ ಮದುವೆ ಆಗ್ತಾನೆ. ರೋಬೆಸ್ಪಿಯರ್ ಸತ್ತ ತಾರೀಖೇ ಇದು, 254 ವರ್ಷದ ಅಂತರ. ಥಾಮಸ್ ಮೋರ್ ತಲೆ ಹೋದ ಜುಲೈ 6, ಮ್ಯಾಂಟೆಲ್ ಹುಟ್ಟಿದ ದಿನ. ಕಾಕತಾಳೀಯ ಅಷ್ಟೇ, ಆದ್ರೆ ತಾರೀಖುಗಳ ಕಾರ್ಡ್ ಇಟ್ಕೊಂಡಿದ್ದ ಲೇಖಕಿಯ ಬಗ್ಗೆ ಮಾತಾಡುವಾಗ ಹೇಳ್ದೇ ಇರೋಕಾಗ್ಲಿಲ್ಲ. ಈ ಸಂಪುಟದ ನಡುವಿನ ಭಾಗ ಎಳೆದ ಹಾಗಿದೆ ಅಂತ ಕೆಲವರ ದೂರು, ಇರಬಹುದು. ಕೊನೆಯ ನೂರು ಪುಟಕ್ಕೆ ಬಂದಾಗ ಕಾಯಿಸಿದ್ದೆಲ್ಲ ಸಾರ್ಥಕ.

ಕೊನೆ ವರ್ಷಗಳು ಡೆವನ್‌ನ ಬಡ್ಲಿ ಸಾಲ್ಟರ್ಟನ್ ಅನ್ನೋ ಸಮುದ್ರ ತೀರದ ಊರಲ್ಲಿ. 2014ರಲ್ಲಿ ಡೇಮ್ ಬಿರುದು ಬಂತು. ಬ್ರೆಕ್ಸಿಟ್‌ನಿಂದ ಬೇಸತ್ತು, ಐರ್ಲೆಂಡಿನ ಪೌರತ್ವ ತಗೊಂಡು ಅಲ್ಲಿಗೆ ಹೋಗಿ ನೆಲೆಸೋ ಆಲೋಚನೆ ಇದೆ ಅಂತ 2021ರಲ್ಲಿ ಹೇಳಿದ್ರು, ಅದು ಆಗ್ಲಿಲ್ಲ. 2022ರ ಸೆಪ್ಟೆಂಬರ್ 22ಕ್ಕೆ ಎಕ್ಸೆಟರ್‌ನ ಆಸ್ಪತ್ರೇಲಿ ಸ್ಟ್ರೋಕ್‌ನಿಂದ ತೀರ್ಕೊಂಡ್ರು, 70 ವರ್ಷ. ಜೇನ್ ಆಸ್ಟಿನ್ ಲೋಕದ ಒಂದು ಕಾದಂಬರಿ ಕೈಯಲ್ಲಿತ್ತು, 'ಪ್ರೈಡ್ ಆ್ಯಂಡ್ ಪ್ರೆಜುಡಿಸ್'ನ ಐದು ಅಕ್ಕತಂಗಿಯರಲ್ಲಿ ಯಾರೂ ಲೆಕ್ಕಕ್ಕೆ ಇಟ್ಕೊಳ್ಳದ ಮೇರಿ ಬೆನೆಟ್ ಅದ್ರ ಕೇಂದ್ರದಲ್ಲಿ. ಮೇರಿನೇ ಯಾಕೆ ಅಂತ ಇಷ್ಟೊತ್ತು ಕೇಳಿದ ನಿಮಗೆ ಹೇಳ್ಬೇಕಾಗಿಲ್ಲ.

ಉಪನ್ಯಾಸ ಆದ್ಮೇಲೆ ಬಂದ ಮೊದಲ ಪ್ರಶ್ನೆ, ಎಲ್ಲಿಂದ ಶುರು ಮಾಡೋದು ಅಂತ. ನೇರ 'ವುಲ್ಫ್ ಹಾಲ್'ಗೆ ಹೋಗಿ ಅರ್ಧಕ್ಕೆ ಬಿಟ್ಟೋರು ತುಂಬಾ ಜನ, ಅದ್ರಲ್ಲಿ ಎಲ್ಲರ ಹೆಸರೂ ಥಾಮಸ್, ಹೆನ್ರಿ, ಮೇರಿ. ಮೊದಲು 'ಗಿವಿಂಗ್ ಅಪ್ ದ ಗೋಸ್ಟ್' ಓದಿ, ಸಣ್ಣ ಪುಸ್ತಕ, ಎರಡು ಭಾನುವಾರ ಸಾಕು. ಆಮೇಲೆ 'ಏಟ್ ಮಂತ್ಸ್ ಆನ್ ಗಝಾ ಸ್ಟ್ರೀಟ್' ಅಥವಾ 'ಬಿಯಾಂಡ್ ಬ್ಲ್ಯಾಕ್'. ಆಮೇಲೆ 'ವುಲ್ಫ್ ಹಾಲ್' ಹಿಡಿಯಿರಿ, ಶುರುವಿನಲ್ಲೇ ಪಾತ್ರಗಳ ಪಟ್ಟಿ, ವಂಶವೃಕ್ಷ ಕೊಟ್ಟಿದಾರೆ, ಅಲ್ಲೊಂದು ಬುಕ್‌ಮಾರ್ಕ್ ಇಟ್ಕೊಂಡು ಬೇಕಾದಾಗೆಲ್ಲ ವಾಪಸ್ ಹೋಗಿ ನೋಡಿ, ಅದ್ರಲ್ಲಿ ಅವಮಾನ ಏನಿಲ್ಲ. ಇಂಗ್ಲಿಷ್ ಕಷ್ಟ ಅನ್ನೋರು 2015ರ ಬಿಬಿಸಿ ಸೀರಿಯಲ್ ಮೊದಲು ನೋಡಬಹುದು, ಮಾರ್ಕ್ ರೈಲನ್ಸ್ ಕ್ರಾಮ್‌ವೆಲ್ ಆಗಿದಾರೆ, ಮಾತು ಕಮ್ಮಿ, ಎಲ್ಲಾ ಕಣ್ಣಲ್ಲೇ. ಮೂರನೇ ಸಂಪುಟದ ಭಾಗ 2024ರಲ್ಲಿ ಬಂದಿದೆ. ಮುಖಗಳು ಪರಿಚಯ ಆದ್ಮೇಲೆ ಪುಸ್ತಕ ಸಲೀಸಾಗಿ ಓದಿಸ್ಕೊಂಡು ಹೋಗುತ್ತೆ.